ಮೆನುವಿನಲ್ಲಿ ಕಾಣದ ಸಾಲು

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿ. ಶ್ರಾವಣದ ಮಳೆ, ಕರೆಂಟಿಲ್ಲ, ಅಂಗಡಿ ಯುಪಿಎಸ್ ಮೇಲೆ ನಡೆಯುತ್ತಿದೆ. ಮಾತಾಡುವವರು ಇಬ್ಬರು. ಒಬ್ಬರು ಶೃಂಗೇರಿಯಿಂದಾಚೆ ಕಿಗ್ಗದ ಕಡೆ ಅಡಿಕೆ ತೋಟ ಇಟ್ಟುಕೊಂಡಿರುವ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಇನ್ನೊಬ್ಬ ಅವರ ಹತ್ತಿರವೇ ವಿಜ್ಞಾನದ ಪಾಠ ಹೇಳಿಸಿಕೊಂಡು, ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿನವರ ಫೋನು ಮಾರಿ, ರಿಪೇರಿ ಮಾಡಿ ಜೀವನ ಮಾಡುತ್ತಿರುವವನು. ಹೆಸರು ಬೇಡ. ಇಂಥ ಮೇಷ್ಟ್ರೂ ಇಂಥ ಅಂಗಡಿಯವರೂ ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ.

ಮೇಷ್ಟ್ರು: ಇದು ನೋಡು ಮಾರಾಯ. ಇದು ನನ್ನ ಫೋನು, ಇದು ತಮ್ಮನ ಮಗನದ್ದು. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ದಿನ ನಿನ್ನ ಹತ್ತಿರವೇ ತಗೊಂಡದ್ದು. ಅವನದ್ರಲ್ಲಿ ಸೆಟ್ಟಿಂಗ್ಸ್ ಒಳಗೆ, ಟವರ್ ಸಿಗದಿದ್ರೂ ಮನೆ ವೈಫೈ ಮೇಲೆ ಮಾಮೂಲಿ ಕಾಲ್ ಹೋಗೋ ವೈಫೈ ಕಾಲಿಂಗ್ ಅಂತ ಒಂದು ಸಾಲು ಬರ್ತದೆ. ನನ್ನದ್ರಲ್ಲಿ ಆ ಸಾಲೇ ಇಲ್ಲ. ಹಳೇ ಮಾಲು ದಾಟಿಸಿದ್ಯಾ ಹೇಗೆ?

ಅಂಗಡಿಯವ: ಅಯ್ಯೋ ಸಾರ್, ನಿಮಗೆ ಹಳೇ ಮಾಲು ದಾಟಿಸಿ ನಾನು ಊರಲ್ಲಿ ತಲೆ ಎತ್ತಿ ಓಡಾಡೋದು ಹೇಗೆ? ಕೊಡಿ ಇಲ್ಲಿ ಎರಡೂ.

(ಪಿನ್ನು ಚುಚ್ಚಿ ಎರಡೂ ಫೋನಿನ ಟ್ರೇ ಹೊರಗೆಳೆದ. ಉಗುರಿನಲ್ಲಿ ಸಿಮ್ ಎಬ್ಬಿಸಿ ಅದಲುಬದಲು ಮಾಡಿ ಒಳಗೆ ತಳ್ಳಿದ. ಸಿಗ್ನಲ್ ಗೆರೆಗಳು ಬರುವ ತನಕ ಇಬ್ಬರೂ ಸುಮ್ಮನೆ ಕೂತರು. ಸೆಟ್ಟಿಂಗ್ಸ್ ತೆರೆದರೆ ಮೇಷ್ಟ್ರ ಫೋನಿನಲ್ಲಿ ಆ ಸಾಲು ಬಂದಿತ್ತು, ತಮ್ಮನ ಮಗನ ಫೋನಿನಲ್ಲಿ ಮಾಯವಾಗಿತ್ತು. ಯಾವ ಸಿಮ್, ಯಾವ ಮಾಡೆಲ್ ಎಂದು ಬರೆದರೆ ಜಗಳ ಬೇರೆ ದಾರಿ ಹಿಡಿಯುತ್ತದೆ, ಅದಕ್ಕೆ ಬರೆಯುವುದಿಲ್ಲ.)

ಮೇಷ್ಟ್ರು: ಎಂತದಾ ಇದು?

ಅಂಗಡಿಯವ: ಸಿಮ್ಮಿನ ಒಳಗೆ ಒಂದು ಗುರುತಿನ ಸಂಖ್ಯೆ ಇರ್ತದೆ ಸಾರ್. ನೀವು ಜನಕ್ಕೆ ಕೊಡೋ ನಂಬರ್ ಅಲ್ಲ, ಅದು ಬೇರೆ. ಮೊದಲ ಮೂರು ಅಂಕಿ ದೇಶದ್ದು, ನಮಗೆ 404 ಇಲ್ಲಾ 405. ಆಮೇಲಿನದ್ದು ಯಾವ ಕಂಪನಿ, ಯಾವ ಸರ್ಕಲ್ ಅಂತ. 404 ಆದ್ಮೇಲೆ 45 ಅಂತಿದ್ರೆ ಕರ್ನಾಟಕದ ಏರ್‌ಟೆಲ್, 71 ಅಂತಿದ್ರೆ ಕರ್ನಾಟಕದ ಬಿಎಸ್‌ಎನ್‌ಎಲ್. ಫೋನು ಅದನ್ನ ಓದ್ತದೆ, ತನ್ನ ಒಳಗಿನ ಪಟ್ಟಿಗೆ ತಾಳೆ ನೋಡ್ತದೆ. ಈ ಕಂಪನಿಗೆ ಈ ಸೌಲಭ್ಯ ಕೊಡಬಹುದು ಅಂತ ಪಟ್ಟಿಯಲ್ಲಿದ್ರೆ ಸಾಲು ತೋರಿಸ್ತದೆ, ಇಲ್ಲದಿದ್ರೆ ಅಡಗಿಸಿಡ್ತದೆ.

ಮೇಷ್ಟ್ರು: ಹಾಗಾದ್ರೆ ಯಂತ್ರಕ್ಕೆ ತಾಕತ್ತಿದೆ, ಅಪ್ಪಣೆ ಮಾತ್ರ ಇಲ್ಲ.

ಅಂಗಡಿಯವ: ಹಾಗೂ ಹೇಳಬಹುದು. ಪರೀಕ್ಷೆ ಆಗಿಲ್ಲ ಅಂತಲೂ ಹೇಳಬಹುದು.

ಮೇಷ್ಟ್ರು: ಯಾರು ಮಾಡಬೇಕು ಪರೀಕ್ಷೆ?

ಅಂಗಡಿಯವ: ಫೋನ್ ಮಾಡೋರೂ ಸಿಮ್ ಕೊಡೋರೂ ಕೂತು ಒಟ್ಟಿಗೆ ಮಾಡಬೇಕು. ಏರ್‌ಟೆಲ್ ಈ ವೈಫೈ ಕಾಲಿಂಗ್ ತಂದದ್ದು 2019ರ ಡಿಸೆಂಬರಿನಲ್ಲಿ. ಜಿಯೋ 2020ರ ಜನವರಿಯಲ್ಲಿ. ಆವಾಗಲೂ ಎಲ್ಲಾ ಫೋನಿಗೆ ಕೊಡಲಿಲ್ಲ. ಜಿಯೋ 150ಕ್ಕೂ ಹೆಚ್ಚು ಮಾಡೆಲ್ಲಿಗೆ ಅಂತ ಹೇಳಿತ್ತು, ಏರ್‌ಟೆಲ್ ಬೆರಳೆಣಿಕೆ ಕಂಪನಿಗಳಿಂದ ಶುರು ಮಾಡಿತು. ಬಿಎಸ್‌ಎನ್‌ಎಲ್ ಶುರು ಮಾಡಿದ್ದು 2025ರ ಕೊನೆಗೆ. ಈ ಮಧ್ಯೆ ಎಷ್ಟು ಮಾಡೆಲ್ ಬಂದು ಹೋದವು ಲೆಕ್ಕ ಹಾಕಿ.

ಮೇಷ್ಟ್ರು: ಅಲ್ಲೇ ನನ್ನ ತಕರಾರು ಇರೋದು. ಒಂದು ಸಾಧಾರಣ ಫೋನಿಗೆ ಎರಡು ಮೂರು ವರ್ಷ ಅಪ್‌ಡೇಟ್ ಬರ್ತದೆ, ಆಮೇಲೆ ನಿಲ್ತದೆ. ಕಂಪನಿ ಸೌಲಭ್ಯ ಕೊಡುವ ಹೊತ್ತಿಗೆ ಫೋನಿನ ಪಟ್ಟಿ ಮುಚ್ಚಿ ಹೋಗಿರ್ತದೆ. ಆಗ ಇಬ್ಬರೂ ಸಾಚಾ. ಸಿಮ್ಮಿನವರು ನಾವು ಕೊಟ್ಟಿದ್ದೀವಿ ಅಂತಾರೆ. ಫೋನಿನವರು ನಮ್ಮ ಯಂತ್ರದಲ್ಲಿದೆ ಅಂತಾರೆ. ಇಲ್ಲದ್ದು ನನಗೆ ಮಾತ್ರ.

ಅಂಗಡಿಯವ: ವಾಟ್ಸಾಪಲ್ಲಿ ಕಾಲ್ ಮಾಡಿ ಸಾರ್, ಮನೆಗೆ ಫೈಬರ್ ಬಂದಿದೆಯಲ್ಲ.

ಮೇಷ್ಟ್ರು: ಮಗಳಿಗೆ ಮಾಡ್ತೀನಿ. ಗ್ಯಾಸಿನವನಿಗೆ ಮಾಡೋದು ಹೇಗೆ? ಆಸ್ಪತ್ರೆ ಕೌಂಟರಿಗೆ ಮಾಡೋದು ಹೇಗೆ? ಬ್ಯಾಂಕಿನ ಒಟಿಪಿ ವಾಟ್ಸಾಪಿಗೆ ಬರ್ತದಾ? ನಮ್ಮ ಮನೆ ಇರೋದು ಗುಡ್ಡದ ಬುಡದಲ್ಲಿ. ಸಿಗ್ನಲ್ ಸಿಗಬೇಕಾದ್ರೆ ಅಂಗಳ ದಾಟಿ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು, ಕಾಲಿಗೆ ಇಂಬಳ. ಒಟಿಪಿ ಬಂದು ಮನೆಯೊಳಗೆ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರ್ತದೆ. ಬೆಂಗಳೂರಲ್ಲಿ ಕೂತವನಿಗೆ ಈ ಸಾಲು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ನಮಗೆ ಹಾಗಲ್ಲ.

(ಇಲ್ಲಿ ಅಂಗಡಿಯವನ ಬಳಿ ಉತ್ತರವಿರಲಿಲ್ಲ. ಅವನ ಮನೆಯೂ ಪೇಟೆಯಲ್ಲೇನಿಲ್ಲ.)

ಅಂಗಡಿಯವ: ಒಪ್ಪಿದೆ. ಆದ್ರೆ ಇದು ಬಡವರಿಗೆ ಮಾತ್ರ ಮಾಡೋ ಮೋಸ ಅಂತ ತಿಳ್ಕೋಬೇಡಿ. 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಶುರುವಾದಾಗ ಲಕ್ಷ ರೂಪಾಯಿ ಐಫೋನ್ ಇಟ್ಟುಕೊಂಡವರಿಗೂ 5ಜಿ ಬರಲಿಲ್ಲ. ಒಳಗೆ ಎಲ್ಲಾ ಇತ್ತು. ಡಿಸೆಂಬರಿನಲ್ಲಿ ಆ್ಯಪಲ್ ಅಪ್‌ಡೇಟ್ ಬಿಟ್ಟ ಮೇಲೆ ಬಂತು.

ಮೇಷ್ಟ್ರು: ಅವರಿಗೆ ಎರಡು ತಿಂಗಳಲ್ಲಿ ಬಂತಲ್ಲ. ಸರಿ, ಅದು ಬಿಡು. ಪಟ್ಟಿಯಲ್ಲಿ ಇಲ್ಲದ್ದು ಬೇರೆ, ಬೇಕಂತಲೇ ಬೀಗ ಹಾಕೋದು ಬೇರೆ. ನಮ್ಮ ತೋಟಕ್ಕೆ ಬರೋ ಕೊನೆಗಾರನ ಹತ್ತಿರ ಒಂದು ಫೋನಿತ್ತು. ಒಂದೇ ಕಂಪನಿ ಸಿಮ್ ಹಾಕಬೇಕು, ಬೇರೆಯದ್ದು ಹಾಕಿದ್ರೆ ಒಪ್ಪೋದಿಲ್ಲ. ನಮ್ಮ ಕಣಿವೆಯಲ್ಲಿ ಆ ಕಂಪನಿ ಟವರ್ ಸಿಗೋದಿಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಅವನ ಕಿಸೆಯಲ್ಲಿ ಇರ್ತಿದ್ದದ್ದು ಒಂದು ಟಾರ್ಚು. ಮರದಿಂದ ಜಾರಿ ಬಿದ್ರೆ ಮನೆಗೆ ತಿಳಿಸೋರು ಯಾರು?

ಅಂಗಡಿಯವ: ಅವನು ಆ ಫೋನಿಗೆ ಎಷ್ಟು ಕೊಟ್ಟಿದ್ದ ಕೇಳಿದ್ರಾ?

ಮೇಷ್ಟ್ರು: ಕಡಿಮೆಯೇ ಕೊಟ್ಟಿರಬೇಕು.

ಅಂಗಡಿಯವ: ಕಡಿಮೆ ಅಂದ್ರೆ ಎಷ್ಟು ಕಡಿಮೆ ಅಂತ ಹೇಳ್ತೀನಿ ಕೇಳಿ. 2017ರಲ್ಲಿ ಜಿಯೋಫೋನ್ ಬಂತು. 1500 ರೂಪಾಯಿ, ಅದೂ ಠೇವಣಿ. ಮೂರು ವರ್ಷ ಬಿಟ್ಟು ಫೋನು ವಾಪಸ್ ಕೊಟ್ರೆ ದುಡ್ಡು ವಾಪಸ್. ಆವಾಗ ಬೇರೆ 4ಜಿ ಫೋನು ಆ ಬೆಲೆಗೆ ನನ್ನ ಅಂಗಡಿಯಲ್ಲಿ ಒಂದೂ ಇರಲಿಲ್ಲ. ಜಿಯೋ ಸಿಮ್ ಮಾತ್ರ ಹಾಕಬೇಕು, ಒಂದೇ ಸಿಮ್ಮಿನ ಜಾಗ, ವಾಟ್ಸಾಪೂ ಇರಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ವಾಟ್ಸಾಪ್ ಬಂದಾಗ ಅದನ್ನ ಹಾಕಿಸಿಕೊಳ್ಳೋಕೆ ಜನ ನನ್ನ ಅಂಗಡಿಗೆ ಬಂದದ್ದು ಜಾತ್ರೆಗೆ ಬಂದ ಹಾಗೆ. ತೋಟದ ಕೆಲಸಕ್ಕೆ ಹೋಗೋ ಹೆಂಗಸರು ಮೊದಲ ಸಲ ಮಕ್ಕಳ ಮುಖ ನೋಡಿ ಮಾತಾಡಿದ್ದು ಅಂಥ ಫೋನಲ್ಲಿ. 2023ರಲ್ಲಿ 999ಕ್ಕೆ ಜಿಯೋಭಾರತ್ ಅಂತ ಇನ್ನೊಂದು ಬಂತು. ಅದಕ್ಕೂ ಅದೇ ಕಟ್ಟು. ಬೀಗ ಬೇಡ ಅಂತ ನೀವು ಹೇಳ್ತೀರಿ. ಬೀಗ ತೆಗೆದ್ರೆ ಆ ಬೆಲೆಗೆ ಯಾರು ಕೊಡ್ತಾರೆ?

ಮೇಷ್ಟ್ರು: ಕಡಿಮೆಗೆ ಕೊಟ್ಟದ್ದು ಪುಣ್ಯಕ್ಕಲ್ಲ.

ಅಂಗಡಿಯವ: ಪುಣ್ಯಕ್ಕೆ ಅಂತ ನಾನು ಎಲ್ಲಿ ಹೇಳಿದೆ? ನಿಮಗೆ ಅಡಿಕೆ ಮಂಡಿಯವರು ಮಳೆಗಾಲದಲ್ಲಿ ಮುಂಗಡ ಕೊಡೋದಿಲ್ವಾ? ಕೊಟ್ಟು, ಫಸಲು ನಮಗೇ ಹಾಕಿ ಅಂತ ಹೇಳೋದಿಲ್ವಾ? ಆ ಮುಂಗಡ ಇಲ್ಲದಿದ್ರೆ ಔಷಧಿ ಹೊಡೆಸೋಕೆ, ಗೊಬ್ಬರ ಹಾಕಿಸೋಕೆ ಎಷ್ಟು ಜನರ ಕೈಲಾಗ್ತದೆ?

ಮೇಷ್ಟ್ರು: ಹೋಲಿಕೆ ಸರಿಯಾಗಿ ಹಿಡಿದೆ, ಅದನ್ನೇ ಮುಂದುವರಿಸ್ತೀನಿ. ಮಂಡಿಯವನ ಬಾಕಿ ತೀರಿದ ಮೇಲೆ ಮುಂದಿನ ವರ್ಷ ನಾನು ಶಿವಮೊಗ್ಗಕ್ಕೆ ಹಾಕ್ತೀನೋ, ಕೊಪ್ಪದಲ್ಲೇ ಹಾಕ್ತೀನೋ, ನನ್ನಿಷ್ಟ. ಈ ಫೋನಿನ ಬಾಕಿ ತೀರೋದು ಯಾವಾಗ? ಮೂರು ವರ್ಷ ರೀಚಾರ್ಜ್ ಹಾಕಿದವನ ಬೀಗ ತಾನಾಗಿ ಬಿಚ್ಚಿಕೊಳ್ತದಾ?

ಅಂಗಡಿಯವ: ಬಿಚ್ಚೋದಿಲ್ಲ.

ಮೇಷ್ಟ್ರು: ಮತ್ತೆ? 2011ರ ಜನವರಿಯಿಂದ ನಂಬರ್ ಪೋರ್ಟ್ ಮಾಡಿಸೋಕೆ ದೇಶದ ತುಂಬ ಅವಕಾಶ ಇದೆ. ನಂಬರ್ ಹೊತ್ತುಕೊಂಡು ಎಲ್ಲಿಗೆ ಬೇಕಾದ್ರೂ ಹೋಗು. ಫೋನು ಮಾತ್ರ ಬರೋದಿಲ್ಲ ಅಂತ ಅಲ್ಲೇ ಕೂತ್ಕೊಳ್ತದೆ.

ಅಂಗಡಿಯವ: ಜಿಯೋಫೋನಿನ ಬೀಗ ಬಿಚ್ಚಿದ್ರೂ ನಿಮ್ಮ ಕಣಿವೆಗೆ ಉಪಯೋಗ ಇಲ್ಲ ಸಾರ್. ಅದು ಹಿಡಿಯೋದು 850, 1800, 2300 ಈ ಮೂರು ಬ್ಯಾಂಡಿನ 4ಜಿ. ನಿಮ್ಮಲ್ಲಿ ಸಿಗೋ ಬಿಎಸ್‌ಎನ್‌ಎಲ್ 4ಜಿ ಇರೋದು 700 ಮತ್ತೆ 2100ರಲ್ಲಿ. ಸಾಫ್ಟ್‌ವೇರ್ ಬದಲಾಯಿಸಿ ಇದನ್ನ ಸರಿ ಮಾಡೋಕಾಗೋದಿಲ್ಲ, ಒಳಗಿನ ಬಿಡಿಭಾಗವೇ ಇಲ್ಲ. ಎಲ್ಲಾ ಬ್ಯಾಂಡೂ ಹಾಕಿದ್ರೆ 1500ಕ್ಕೆ ಫೋನಾಗೋದಿಲ್ಲ. ಕಾಣದ ಸಾಲೆಲ್ಲ ಯಾರೋ ಅಡಗಿಸಿದ್ದು ಅಂತ ತಿಳ್ಕೊಂಡ್ರೆ ತಪ್ಪಾಗ್ತದೆ. ಕೆಲವು ಇಲ್ಲದ್ದೇ.

ಮೇಷ್ಟ್ರು: ಪೆನ್ನು ಕೊಡು.

(ಬಿಲ್ ಪುಸ್ತಕದ ಹಿಂದೆ ಮೇಷ್ಟ್ರು ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರು. 700 ಮೆಗಾಹರ್ಟ್ಸ್ ಅಂದರೆ ಸುಮಾರು 43 ಸೆಂಟಿಮೀಟರ್ ಅಲೆ. 2300 ಅಂದರೆ 13 ಸೆಂಟಿಮೀಟರ್. ಎರಡನ್ನೂ ಗೆರೆ ಎಳೆದು ತೋರಿಸಿದರು, ಅಂಗಡಿಯವ ಮತ್ತೆ ಹತ್ತನೇ ಕ್ಲಾಸಿನಲ್ಲಿ ಕೂತವನಂತೆ ಬಗ್ಗಿ ನೋಡಿದ.)

ಮೇಷ್ಟ್ರು: ಉದ್ದದ ಅಲೆ ಗುಡ್ಡದ ಅಂಚಲ್ಲಿ ಹೆಚ್ಚು ಬಾಗ್ತದೆ, ಒದ್ದೆ ಎಲೆ ತೂರಿ ಬರೋದ್ರಲ್ಲೂ ಗಿಡ್ಡ ಅಲೆಗಿಂತ ಮುಂದೆ. ಅಂದ್ರೆ ನಮ್ಮ ಕಾಡಿಗೆ, ನಮ್ಮ ಮಳೆಗೆ ಬೇಕಾಗಿದ್ದ ಬ್ಯಾಂಡೇ ಆ ಫೋನಲ್ಲಿ ಇಲ್ಲ. ಫೋನಿಗೆ ಬ್ಯಾಂಡ್ ಆರಿಸಿದವರು ತಮ್ಮ ಟವರ್ ನೋಡಿ ಆರಿಸಿದ್ದು. ಕೊಳ್ಳುವವನ ಊರು ನೋಡಿ ಅಲ್ಲ.

ಅಂಗಡಿಯವ: ತಮ್ಮ ಟವರಿಗೆ ತಕ್ಕ ಫೋನು ಮಾಡಿಸೋದ್ರಲ್ಲಿ ತಪ್ಪೇನು? ತಪ್ಪಿದ್ರೆ ನಮ್ಮಂಥ ಮಾರೋರದ್ದು. ನಾನಂತೂ ಎನ್.ಆರ್.ಪುರದ ಹಿನ್ನೀರಿನ ಕಡೆಯವರು ಬಂದ್ರೆ ಮೊದಲು ಕೇಳೋದೇ ನಿಮ್ಮಲ್ಲಿ ಯಾವ ಸಿಮ್ ಸಿಗ್ತದೆ ಅಂತ. ಅವರಿಗೊಂದು ಅನುಕೂಲ ಇದೆ. ನೀರಿನ ಮೇಲೆ ಗುಡ್ಡ ಇಲ್ಲ, ಮರ ಇಲ್ಲ, ಭದ್ರೆಯ ಆಚೆ ದಡದ ಟವರ್ ಈಚೆ ದಡಕ್ಕೆ ಸಿಗ್ತದೆ. ನಿಮ್ಮ ಕಡೆಯವರಿಗೆ ಅದೂ ಇಲ್ಲ.

ಮೇಷ್ಟ್ರು: ನೀನು ಕೇಳ್ತೀಯ. ಆನ್‌ಲೈನಲ್ಲಿ ತರಿಸಿದ್ರೆ ಯಾರು ಕೇಳ್ತಾರೆ? ಇನ್ನೊಂದು ಹೇಳು. ಕಡಿಮೆ ಬೆಲೆಗೆ ಬೀಗ ಅಂತೀಯಲ್ಲ, 2008ರ ಆಗಸ್ಟಿನಲ್ಲಿ ಐಫೋನ್ 3ಜಿ ನಮ್ಮ ದೇಶಕ್ಕೆ ಬಂದಾಗ ಬೆಲೆ 31,000 ರೂಪಾಯಿ. ಏರ್‌ಟೆಲ್ ಮತ್ತೆ ವೊಡಾಫೋನ್ ಮಾರ್ತಿದ್ರು. ಅಮೆರಿಕದಲ್ಲಿ ಅದೇ ಫೋನಿಗೆ ಎರಡು ವರ್ಷದ ಕರಾರಿನ ಮೇಲೆ 199 ಡಾಲರ್. ಇಲ್ಲಿ ರಿಯಾಯಿತಿ ಇಲ್ಲ, ಪೂರ್ತಿ ದುಡ್ಡು ಎಣಿಸಬೇಕು, ಮೇಲೆ ಬೀಗ ಬೇರೆ. ಅದು ಯಾವ ಮುಂಗಡಕ್ಕೆ?

ಅಂಗಡಿಯವ: ಅದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ಜನರಲ್ಲೂ ಇರಲಿಲ್ಲ, ಅದಕ್ಕೇ ಆವಾಗ ಅದು ಹೆಚ್ಚು ಖರ್ಚಾಗಲಿಲ್ಲ. ನೀವು ತಿರುಗಿಸಿ ನೋಡಿ. 2003ರ ಮಳೆಗಾಲದಲ್ಲಿ ರಿಲಯನ್ಸಿನವರು ‘ಮಾನ್ಸೂನ್ ಹಂಗಾಮಾ’ ಅಂತ 501 ರೂಪಾಯಿ ಕೊಟ್ಟು ಫೋನು ಒಯ್ಯಿರಿ ಅಂದ್ರು. ಸಿಡಿಎಂಎ ಸೆಟ್ಟು, ಸಿಮ್ಮೇ ಇಲ್ಲ, ನಂಬರ್ ಫೋನಿನ ಹೊಟ್ಟೆಯಲ್ಲೇ. ಅದಕ್ಕಿಂತ ದೊಡ್ಡ ಬೀಗ ಇನ್ನೊಂದಿಲ್ಲ. ಜನ ಸಾಲು ನಿಂತು ತಗೊಂಡ್ರು. ನನ್ನ ಅಪ್ಪನೂ ತಗೊಂಡ. ನಮ್ಮ ಮನೆಗೆ ಬಂದ ಮೊದಲ ಮೊಬೈಲ್ ಅದು.

ಮೇಷ್ಟ್ರು: ಕೊನೆಗೆ ಆ ಸೆಟ್ಟು ಎಂತ ಆಯ್ತು?

ಅಂಗಡಿಯವ: ಎಂತ ಆಗೋದು, ಕಂಪನಿ ಸಿಡಿಎಂಎ ನಿಲ್ಲಿಸಿದ ಮೇಲೆ ಮಕ್ಕಳ ಆಟಕ್ಕೆ.

(ಮೇಷ್ಟ್ರ ಮುಖದಲ್ಲಿ ಗೆದ್ದ ನಗು ಕಂಡಿತು. ನನ್ನನ್ನು ಕೇಳಿದರೆ ಅದು ಗೆಲುವಲ್ಲ. ಎಷ್ಟೋ ವರ್ಷ ಆ ಮನೆಯವರು ಆ ಫೋನಿನಲ್ಲಿ ಮಾತಾಡಿದ್ದು ಲೆಕ್ಕಕ್ಕೆ ಬರಬೇಕಲ್ಲ.)

ಮೇಷ್ಟ್ರು: ಕಂಪನಿ ಕೈಯಲ್ಲಿ ಫೋನು ಸಿಕ್ಕಿದ್ರೆ ಎಂತ ಮಾಡ್ತದೆ ಅಂತ ಅಮೆರಿಕದಲ್ಲಿ ನೋಡಬೇಕು. 2004ರಲ್ಲಿ ಅಲ್ಲಿನ ವೆರೈಝನ್ ಮಾರಿದ ಒಂದು ಮೊಟೊರೊಲಾ ಫೋನಲ್ಲಿ ಬ್ಲೂಟೂತ್ ಇತ್ತು. ಹೆಡ್‌ಸೆಟ್ಟಿಗೆ ನಡೀತಿತ್ತು, ಫೋಟೋ ಕಳಿಸೋಕೆ ನಡೀತಿರಲಿಲ್ಲ. ಫೋಟೋ ಹೋಗಬೇಕಾದ್ರೆ ನೆಟ್‌ವರ್ಕಿನ ಮೇಲೆ ಹೋಗಲಿ, ಬಿಲ್ ಏರಲಿ. ಗ್ರಾಹಕರು ಕೋರ್ಟಿಗೆ ಹೋದ್ರು. 2012ರಲ್ಲಿ ಹಾಟ್‌ಸ್ಪಾಟ್ ಆ್ಯಪುಗಳನ್ನ ತಡೆದದ್ದಕ್ಕೆ ಅದೇ ಕಂಪನಿ ಅಲ್ಲಿನ ಸರ್ಕಾರಕ್ಕೆ ಹನ್ನೆರಡೂವರೆ ಲಕ್ಷ ಡಾಲರ್ ಕಟ್ಟಿತು.

ಅಂಗಡಿಯವ: ಅಲ್ಲಿ ದಂಡ ಬಿತ್ತು ಅಂದ್ರೆ ಕಾನೂನು ಇತ್ತು ಅಂತ ಆಯ್ತಲ್ಲ.

ಮೇಷ್ಟ್ರು: ಕೆನಡಾದಲ್ಲಿ 2017ರ ಡಿಸೆಂಬರಿನಿಂದ ಬೀಗದ ಫೋನು ಮಾರೋ ಹಾಗೇ ಇಲ್ಲ. ಬ್ರಿಟನ್ನಲ್ಲಿ 2021ರ ಡಿಸೆಂಬರಿನಿಂದ ಇಲ್ಲ. ಅಲ್ಲಿ ಜನಕ್ಕೆ ಫೋನು ಸಿಗದೇ ಹೋಯ್ತಾ?

ಅಂಗಡಿಯವ: ಅಲ್ಲಿ ಕಂತಿನ ಮೇಲೆ ಕೊಡ್ತಾರೆ ಸಾರ್, ದುಡ್ಡು ಕಟ್ಟದಿದ್ರೆ ಹಿಡಿಯೋಕೆ ಬೇರೆ ದಾರಿ ಇದೆ. ನಿಮ್ಮ ಕೊನೆಗಾರನಿಗೆ ಯಾವ ಬ್ಯಾಂಕು 1500 ರೂಪಾಯಿಗೆ ಕಂತು ಮಾಡಿಕೊಡ್ತದೆ? ಬೀಗವೇ ಅವನ ಜಾಮೀನು. ಮತ್ತೆ ಅಮೆರಿಕದ್ದು ಎತ್ತಿದ್ರಿ ಅಂತ ಹೇಳ್ತೀನಿ, ನನ್ನ ಅಂಗಡಿಗೆ ಅತಿ ಕಷ್ಟದ ಕೇಸು ಬರೋದೇ ಅಲ್ಲಿಂದ. ಶೃಂಗೇರಿ ಕಡೆ ಮನೆಗೊಬ್ಬರು ಹೊರದೇಶದಲ್ಲಿದ್ದಾರೆ. ಬರುವಾಗ ಅಪ್ಪನಿಗೆ ಅಂತ ತಾವು ಬಳಸಿದ ಫೋನು ತರ್ತಾರೆ. ಅಲ್ಲಿ ಮಾರೋ ಐಫೋನಲ್ಲಿ 14ರಿಂದ ಈಚೆ ಸಿಮ್ ಟ್ರೇಯೇ ಇಲ್ಲ, ಬರೀ ಇ-ಸಿಮ್. ಬಿಎಸ್‌ಎನ್‌ಎಲ್ ಇ-ಸಿಮ್ ದೇಶದ ತುಂಬ ಬಂದದ್ದು 2025ರಲ್ಲಿ. ಅದಕ್ಕೆ ಮುಂಚೆ ಅಂಥ ಫೋನು ಹಿಡ್ಕೊಂಡು ಬಂದವರಿಗೆ ನಾನು ಏನು ಹೇಳಲಿ? ಫೋನಿನ ನಾಲ್ಕೂ ಬದಿ ತಿರುಗಿಸಿ ನೋಡ್ತಿದ್ರು, ಸಿಮ್ ಹಾಕೋ ತೂತು ಎಲ್ಲಿ ಅಂತ.

ಮೇಷ್ಟ್ರು: ನನಗೂ ಮಗಳು ಒಂದು ತಂದುಕೊಟ್ಟಿದ್ದಾಳೆ. ಅಲ್ಲಿನ ಕಂಪನಿ ಹೆಸರು ತೆರೆ ಮೇಲೆ ಮೂಡ್ತದೆ, ಇಲ್ಲಿನ ಸಿಮ್ ಹಾಕಿದ್ರೆ ಬೀಗದ ಚಿತ್ರ ಬರ್ತದೆ. ಕಂತು ತೀರಿಸಿ, ಅರ್ಜಿ ಹಾಕಿ ಬಿಡಿಸ್ತೀನಿ ಅಂದಿದ್ದಾಳೆ. ಅದರಲ್ಲಿ ಈಗ ಮಳೆಗಾಲದ ಫೋಟೋ ತೆಗೀತೀನಿ.

ಅಂಗಡಿಯವ: ಚೆಂದ ಬರ್ತದಲ್ಲ?

ಮೇಷ್ಟ್ರು: ಚೆಂದ ಬರ್ತದೆ. ರೇಡಿಯೋ ಮಾತ್ರ ಬರೋದಿಲ್ಲ. ನಿನ್ನ ಜಿಯೋಫೋನಲ್ಲಿ ಎಫ್‌ಎಂ ಇತ್ತಲ್ಲ, ಅದು ಒಪ್ಪಬೇಕಾದ್ದೇ. ಗಾಳಿಗೆ ಕಂಬ ಬಿದ್ದು, ಟವರ್ ಬ್ಯಾಟರಿ ಖಾಲಿಯಾಗಿ ಸಿಗ್ನಲ್ ಹೋದ ದಿನ ಸುದ್ದಿ ಕೇಳೋಕೆ ರೇಡಿಯೋ ಒಂದೇ ಗತಿ. ದುಬಾರಿ ಫೋನುಗಳಲ್ಲಿ ಅದನ್ನ ತೆಗೆದುಹಾಕಿದ್ರು. 2023ರಲ್ಲಿ ಕೇಂದ್ರ ಐಟಿ ಸಚಿವಾಲಯ, ಎಫ್‌ಎಂ ಇರೋ ಫೋನಲ್ಲಿ ಅದನ್ನ ಮುಚ್ಚಿಡಬೇಡಿ ಅಂತ ಸಲಹೆ ಕಳಿಸಬೇಕಾಯ್ತು.

ಅಂಗಡಿಯವ: ಸಲಹೆ ಸಾರ್, ಆದೇಶ ಅಲ್ಲ. ಮತ್ತೆ ರೇಡಿಯೋ ಇದೆಯಾ ಅಂತ ಕೇಳಿ ಫೋನ್ ಕೊಳ್ಳೋರು ನೀವೊಬ್ಬರೇ. ಉಳಿದವರು ಕೇಳೋದು ಕ್ಯಾಮರಾ ಎಷ್ಟು ಮೆಗಾಪಿಕ್ಸೆಲ್ ಅಂತ.

ಮೇಷ್ಟ್ರು: ಅದು ಡಬ್ಬದ ಮೇಲೆ ಬರೆದಿರ್ತದೆ, ಅದಕ್ಕೆ ಕೇಳ್ತಾರೆ. ಇಲ್ಲದ್ದನ್ನ ಯಾರೂ ಬರೆಯೋದಿಲ್ಲ. ನನಗೀಗ ದಾರಿ ಹೇಳು. ಪೋರ್ಟ್ ಮಾಡಿಸಲಾ?

ಅಂಗಡಿಯವ: ಬೇಡ. ತಮ್ಮನ ಮಗನ ಸಿಮ್ಮಿಗೆ ನಿಮ್ಮ ದಿಬ್ಬದ ಮೇಲೂ ಸಿಗ್ನಲ್ ಸಿಗೋದಿಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಇಳಿದ್ರೆ ಫೈಬರ್ ರೂಟರ್ ಆರಿ ಹೋಗ್ತದೆ, ಆಮೇಲೆ ವೈಫೈ ಕಾಲಿಂಗೂ ಇಲ್ಲ. ಆಗ ನಿಮ್ಮ ಈಗಿನ ಸಿಮ್ಮೇ ದಿಕ್ಕು. ಫೋನಲ್ಲಿ ಎರಡು ಸಿಮ್ ಜಾಗ ಇದೆ. ಮನೆಯೊಳಗಿಗೆ ಒಂದು, ದಿಬ್ಬಕ್ಕೆ ಒಂದು.

ಮೇಷ್ಟ್ರು: ಎರಡಕ್ಕೂ ರೀಚಾರ್ಜು.

ಅಂಗಡಿಯವ: ಎರಡಕ್ಕೂ. ಇಲ್ಲಾ ಅಪ್‌ಡೇಟ್ ಬರೋ ತನಕ ಕಾಯಿರಿ.

ಮೇಷ್ಟ್ರು: ಬರದಿದ್ರೆ ಹೊಸ ಫೋನು ತಗೊಳ್ಳಿ ಅಂತೀಯ. ನಿನಗೆ ನಷ್ಟ ಇಲ್ಲ.

ಅಂಗಡಿಯವ: ನಷ್ಟ ಇಲ್ಲ, ನಿಜ. ಆದ್ರೆ ಸಿಟ್ಟಾದವರು ಬೈಯೋದು ಕಂಪನಿಗಲ್ಲ, ನನಗೆ. ನೀವೂ ಬಂದ ತಕ್ಷಣ ಹಳೇ ಮಾಲು ಅಂದ್ರಿ.

ಮೇಷ್ಟ್ರು: ಹಾಗಾದ್ರೆ ಒಂದು ಕೆಲಸ ಮಾಡು. ಶೋಕೇಸಿನ ಮೇಲೆ ಒಂದು ಹಾಳೆ ಅಂಟಿಸು. ಎಡಗಡೆ ಫೋನಿನ ಮಾಡೆಲ್, ಮೇಲ್ಗಡೆ ಸಿಮ್ ಕಂಪನಿ. ಯಾವ ಸಿಮ್ ಹಾಕಿದ್ರೆ ಯಾವುದು ಸಿಗೋದಿಲ್ಲ ಅಂತ ಬರೆದುಬಿಡು. ವೈಫೈ ಕಾಲಿಂಗ್ ಇದೆಯಾ, 700 ಹಿಡೀತದಾ, ರೇಡಿಯೋ ಇದೆಯಾ. ಕೊಳ್ಳುವವನು ನೋಡಿ ಕೊಳ್ಳಲಿ.

ಅಂಗಡಿಯವ: ನನ್ನಲ್ಲಿರೋ ಮಾಡೆಲ್ಲೇ ಎಷ್ಟಿದೆ ನೋಡಿ. ಒಂದೊಂದು ಅಪ್‌ಡೇಟಿಗೂ ಪಟ್ಟಿ ಬದಲಾಗ್ತದೆ. ಬರೆಯೋಕೆ ನನಗೆ ಪುರುಸೊತ್ತಿಲ್ಲ. ನೀವು ಬರೆದುಕೊಡಿ, ನಾನು ಅಂಟಿಸ್ತೀನಿ.

ಮೇಷ್ಟ್ರು: ಬಿಳಿ ಹಾಳೆ ತಾ. ಸ್ಕೇಲೂ ಬೇಕು.

ಅಂಗಡಿಯವ: ತಗೊಳ್ಳಿ. ಆದ್ರೆ ‘ಇಲ್ಲ’ ‘ಇಲ್ಲ’ ಅಂತ ಕಾಲಂ ತುಂಬಿದ ಫೋನು ಖರ್ಚಾಗದೆ ಉಳಿದ್ರೆ ಅದನ್ನ ನೀವೇ ಒಯ್ಯಬೇಕು.

ಮೇಷ್ಟ್ರು: ಅರ್ಧ ಬೆಲೆಗೆ ಕೊಟ್ರೆ ಒಯ್ತೀನಿ.